ಕೂಲಿಯ ಬದಲು ಸಾಲ

ರಿಸರ್ವ್ ಬ್ಯಾಂಕು 2025ರಲ್ಲಿ ರೆಪೊ ದರವನ್ನು ನಾಲ್ಕು ಸಲ ಇಳಿಸಿ ಶೇ. 6.50ರಿಂದ 5.25ಕ್ಕೆ ತಂದಿತು. ಸಾಲಗಾರರಿಗೆ ಸಿಹಿಸುದ್ದಿ ಎಂದು ಪತ್ರಿಕೆಗಳು ಬರೆದವು. ಯಾವ ಸಾಲಗಾರರಿಗೆ ಎಂಬುದು ನಮ್ಮ ಪ್ರಶ್ನೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ಕಂಡಿಕೆ ಸುತ್ತುವ ಹೆಣ್ಣುಮಗಳ ಮನೆಬಾಗಿಲಿಗೆ ಬರುವವರು ಮೈಕ್ರೋ ಫೈನಾನ್ಸಿನವರು. ಆ ಸಂಸ್ಥೆಗಳ ಬಡ್ಡಿಯ ಮೇಲಿದ್ದ ಮಿತಿಯನ್ನು 2022ರಲ್ಲಿ ರಿಸರ್ವ್ ಬ್ಯಾಂಕೇ ತೆಗೆದುಹಾಕಿತು, ಅಲ್ಲಿ ಶೇ. 20ನ್ನು ಮೀರಿದ ಬಡ್ಡಿ ಸಾಮಾನ್ಯ. ಮುಂಬೈಯಲ್ಲಿ ದರ ಇಳಿದರೂ ಅವಳು ಈಗಾಗಲೇ ಎತ್ತಿದ ಸಾಲದ ಕಂತು ಇಳಿಯುವುದಿಲ್ಲ.

2013ರಿಂದ 2016ರವರೆಗೆ ಇದೇ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಅರ್ಥಶಾಸ್ತ್ರಜ್ಞ ರಘುರಾಮ್ ರಾಜನ್ ತಮ್ಮ 'ಫಾಲ್ಟ್ ಲೈನ್ಸ್' (2010) ಕೃತಿಯಲ್ಲಿ ಅಮೆರಿಕದ ಕಥೆ ಹೇಳಿದ್ದಾರೆ. ಅಲ್ಲಿ ದುಡಿಯುವವರ ಆದಾಯ ಬೆಳೆಯದೆ ನಿಂತಾಗ, ಅದನ್ನು ಹೆಚ್ಚಿಸುವ ಕಷ್ಟದ ಕೆಲಸ ಬಿಟ್ಟು ಸುಲಭ ಸಾಲ ಹಂಚುವ ದಾರಿಯನ್ನು ರಾಜಕಾರಣಿಗಳು ಹಿಡಿದರು. 2008ರ ಕುಸಿತಕ್ಕೆ ಅದೂ ಒಂದು ಕಾರಣವಾಯಿತು. ರಾಜನ್ ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಿಲ್ಲ. ಆದರೆ ಈ ಮಾತು ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲೂಕುಗಳಿಗೆಂದೇ ಬರೆದಂತಿದೆ.

ಮುಧೋಳ, ಜಮಖಂಡಿಗಳ ಕಬ್ಬನ್ನೇ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಬೇಕು. ಹಾಗಿದ್ದೂ ಬಿಲ್ಲಿಗಾಗಿ ರೈತ ಅಲೆಯುವುದು ತಪ್ಪಿದೆಯೇ? 2025ರ ನವೆಂಬರಿನಲ್ಲಿ ಟನ್ನಿಗೆ 3,300 ರೂ. ಎಂದು ಸರ್ಕಾರ ಘೋಷಿಸಬೇಕಾದರೆ ರೈತರು ಬೀದಿಗಿಳಿಯಬೇಕಾಯಿತು. ಕಾರ್ಖಾನೆ ತಡಮಾಡಿದರೆ ಅದು ಬರೀ 'ಬಾಕಿ'. ರೈತ ತಡಮಾಡಿದರೆ ಅವನು 'ಸುಸ್ತಿದಾರ'!

ಬೀಳಗಿಯ ಜನ ಆಲಮಟ್ಟಿ ಹಿನ್ನೀರಿಗೆ ನೆಲ ಕೊಟ್ಟವರು. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟರೂ ಮೂರನೇ ಹಂತದ ಭೂಮಿಗೆ ಎಕರೆಗೆ 40 ಲಕ್ಷ, ಖುಷ್ಕಿಗಾದರೆ 30 ಲಕ್ಷ ಎಂದು ಸಂಪುಟ ನಿರ್ಧರಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ಹದಿನೈದು ವರ್ಷ ಮುಳುಗಡೆಯ ಮನೆಗಳಲ್ಲಿ ಒಲೆ ಉರಿಯುವುದು ಬೇಡವೇ?

ಸಾಲವೇ ಬೇಡವೆಂದು ನಾವು ಹೇಳುತ್ತಿಲ್ಲ. ನೂಲಿಗೆ, ಬೀಜಕ್ಕೆ ಮಾಡಿದ ಸಾಲ ದುಡಿಮೆಯಿಂದ ತೀರುತ್ತದೆ. ಕೂಲಿ ಸಾಲದೆ ಜೋಳಕ್ಕೆ, ಔಷಧಕ್ಕೆ ಮಾಡಿದ ಸಾಲ ಇನ್ನೊಂದು ಸಾಲದಿಂದ ತೀರುತ್ತದೆ. ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನು ಅಗತ್ಯವಾಗಿತ್ತು, ನಿಜ. ಆದರೆ ಬಾಗಿಲು ಬಡಿಯುವವನನ್ನು ತಡೆದರೆ ಮಗ್ಗದ ಮಜೂರಿ ಹೆಚ್ಚುವುದಿಲ್ಲ.

ಬಡ್ಡಿರಹಿತ ಹಣಕಾಸಿಗೂ ಅವಕಾಶ ಕೊಡಬೇಕೆಂದು ರಾಜನ್ ಅಧ್ಯಕ್ಷತೆಯ ಸಮಿತಿ 2008ರಲ್ಲೇ ಶಿಫಾರಸು ಮಾಡಿತ್ತು. ಇಸ್ಲಾಮೀ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು 2017ರಲ್ಲಿ ರಿಸರ್ವ್ ಬ್ಯಾಂಕು ತಿಳಿಸಿತು. ಎಲ್ಲ ನಾಗರಿಕರಿಗೂ ಬ್ಯಾಂಕಿಂಗ್ ಸೇವೆ ಪಡೆಯಲು ಸಮಾನ ಅವಕಾಶವಿದೆ ಎಂಬುದು ಅದು ಕೊಟ್ಟ ಕಾರಣ. ಕಂಡಿಕೆ ಸುತ್ತುವವಳಿಗೆ ಆ ಸಮಾನ ಅವಕಾಶ ಎಲ್ಲಿದೆ?

ನಮ್ಮ ಸಮುದಾಯವೂ ಎದೆ ಮುಟ್ಟಿ ನೋಡಿಕೊಳ್ಳಬೇಕು. ಬಡ್ಡಿ ಹರಾಮೆಂದು ಜುಮಾ ದಿನ ಹೇಳಿದರೆ ಸಾಲದು. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದವರೂ ಅದೇ ಪ್ರವಾದಿ(ಸ). ನಮ್ಮಲ್ಲಿನ ಮಗ್ಗದ ಮಾಲೀಕರು, ಅಂಗಡಿಕಾರರು ಇದನ್ನು ಪಾಲಿಸುತ್ತಿದ್ದೇವೆಯೇ? ನಮ್ಮ ಜಮಾಅತ್‌ಗಳಲ್ಲಿ ಕರ್ಜೆ ಹಸನಾಕ್ಕೆಂದು ತೆಗೆದಿಟ್ಟ ಹಣ ಎಷ್ಟಿದೆ?

ಕಾಯಕವನ್ನು ಸಾರಿದ ಬಸವಣ್ಣನವರ ಕೂಡಲಸಂಗಮವೂ ಇದೇ ಜಿಲ್ಲೆಯಲ್ಲಿದೆ. ಈ ನೆಲದ ಜನ ಕೇಳುತ್ತಿರುವುದು ದಾನವನ್ನಲ್ಲ, ಇನ್ನೊಂದು ಸಾಲವನ್ನೂ ಅಲ್ಲ. ಮಾಡಿದ ದುಡಿಮೆಯ ಬೆಲೆಯನ್ನು, ಅದೂ ಹೊತ್ತಿಗೆ ಸರಿಯಾಗಿ. ಅದನ್ನು ಕೊಡದ ಯಾವ ಹಣಕಾಸು ನೀತಿಯನ್ನೂ ಜನಪರ ಎಂದು ನಾವು ಕರೆಯಲಾರೆವು.