ಸೂಲಗಿತ್ತಿಯ ಕಣ್ಣಂದಾಜು

ಹೆರಿಗೆಯ ಕೋಣೆಗೂ ಧರ್ಮಗುರುವಿಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧ ಬಹಳ ಹಳೆಯದು. ವಿಶ್ವಾಸಿಗಳು, ಅವರಲ್ಲೂ ವಿಶೇಷವಾಗಿ ಸೂಲಗಿತ್ತಿಯರು, ಜ್ಞಾನಸ್ನಾನ ನೀಡುವ ಸರಿಯಾದ ಕ್ರಮವನ್ನು ಚೆನ್ನಾಗಿ ಅರಿತಿರುವಂತೆ ನೋಡಿಕೊಳ್ಳುವ ಹೊಣೆಯನ್ನು 1614ರ ರೋಮನ್ ಸಂಸ್ಕಾರವಿಧಿ ಗ್ರಂಥವು ವಿಚಾರಣಾಗುರುವಿನ ಮೇಲೆ ಹೊರಿಸಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯೂ ಅದನ್ನೇ ವಿಧಿಸಿ, ವೈದ್ಯರನ್ನೂ ಆ ಸಾಲಿಗೆ ಸೇರಿಸಿತು. ಸಾವಿನಂಚಿನಲ್ಲಿ ಹುಟ್ಟಿದ ಶಿಶುವಿನ ತಲೆಯ ಮೇಲೆ ನೀರೆರೆಯಬೇಕಾದ ಕೈ ಅವಳದೇ ತಾನೆ? ಆದುದರಿಂದ ಅವಳು ಅರಿತಿರುವುದು ಸರಿಯೇ ಎಂದು ಪಾದ್ರಿಗಳು ವಿಚಾರಿಸಬೇಕಿತ್ತು. ಆದರೆ ಅವಳ ಉಳಿದ ವಿದ್ಯೆಯನ್ನು, ತಾಯಿ ಮಗುವಿನ ಪ್ರಾಣವನ್ನು ಉಳಿಸುವ ವಿದ್ಯೆಯನ್ನು, ವಿಚಾರಿಸುವವರು ಯಾರಿದ್ದರು?

ನಮ್ಮ ಗಂಗೊಳ್ಳಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಪಂಚಗಂಗಾವಳಿ. ಕುಂದಾಪುರ ಕಣ್ಣಳತೆಯಲ್ಲಿದೆ, ಆದರೆ ರಸ್ತೆಯಲ್ಲಿ ಹೋಗುವವರು ತ್ರಾಸಿ, ಹೆಮ್ಮಾಡಿಯನ್ನು ಸುತ್ತಬೇಕು. ಆಷಾಢದ ರಾತ್ರಿಯಲ್ಲಿ ದೋಣಿ ಇಳಿಸಲಾಗದ ಹೊತ್ತಿನಲ್ಲಿ ನಮ್ಮ ಹಿರಿಯರಿಗೆ ಆಸರೆಯಾಗಿದ್ದವಳು ಕೊಂಕಣಿಯಲ್ಲಿ ನಾವು ವೊಯ್ಜಿಣ್ ಎಂದು ಕರೆಯುವ ಸೂಲಗಿತ್ತಿ. ಅವಳ ವಿದ್ಯೆ ಕೈಯಿಂದ ಕೈಗೆ ದಾಟಿ ಬಂದದ್ದು. ಪಾವಗಡದ ಸೂಲಗಿತ್ತಿ ನರಸಮ್ಮನವರೂ ಅಜ್ಜಿಯ ಬಳಿಯೇ ಕಲಿತು, ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು; ಅದೇ ವರ್ಷದ ಕ್ರಿಸ್ತಜಯಂತಿಯಂದು ಅವರು ತೀರಿಕೊಂಡರು. ಸಾಕ್ರೆಟೀಸನ ತಾಯಿಯೂ ಸೂಲಗಿತ್ತಿಯೇ. ಸ್ವತಃ ಹೆರದವಳಿಗೆ ಆ ವೃತ್ತಿ ಸಲ್ಲದು, ಏಕೆಂದರೆ ಅನುಭವವಿಲ್ಲದ ಸಂಗತಿಯಲ್ಲಿ ಕೌಶಲ ಪಡೆಯುವಷ್ಟು ಬಲ ಮನುಷ್ಯಸ್ವಭಾವಕ್ಕಿಲ್ಲ ಎಂದು ಪ್ಲೇಟೋವಿನ ಸಂವಾದದಲ್ಲಿ ಅವನು ಹೇಳುತ್ತಾನೆ. ಗುರುಮಠದಲ್ಲಿ ಇದನ್ನೋದಿದಾಗ ನಾನು ಪೂರ್ಣವಾಗಿ ಒಪ್ಪಿದ್ದೆ. ಈಗ ಅರ್ಧ ಮಾತ್ರ ಒಪ್ಪುತ್ತೇನೆ.

ಕಾರಣ ಬೆಳಗಾವಿಯಲ್ಲಿದೆ. ಹೆರಿಗೆಯ ನಂತರದ ರಕ್ತಸ್ರಾವವೇ ಬಾಣಂತಿಯರ ಪರಮ ಶತ್ರು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕೆಯ ಸಂಶೋಧಕರೊಂದಿಗೆ ಸೇರಿ 2002ರಿಂದ 2005ರವರೆಗೆ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ನಡೆಸಿದ ಕೈಗಳು ತಜ್ಞವೈದ್ಯರವಲ್ಲ, ನಾವು ಎ.ಎನ್.ಎಂ. ಎನ್ನುವ ಆರೋಗ್ಯ ಸಹಾಯಕಿಯರವು. 1620 ಮಂದಿ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ, ಮಗು ಹುಟ್ಟಿದೊಡನೆ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ನುಂಗಿಸಲಾಯಿತು. ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆ. ಅತಿಸ್ರಾವವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರೆಯಲ್ಲ, ಒಂದು ಪ್ಲಾಸ್ಟಿಕ್ ಹಾಳೆ. ಹರಿದ ರಕ್ತವೆಷ್ಟೆಂದು ತಿಳಿಯಲು ತಾಯಿಯ ಕೆಳಗೆ ಹಾಸಿ, ಅಳತೆಯ ಗೆರೆಗಳಿರುವ ಚೀಲಕ್ಕೆ ರಕ್ತ ಇಳಿಯುವಂತೆ ಮಾಡುವ ಸರಳ ಸಾಧನವನ್ನು ಈ ಪ್ರಯೋಗಕ್ಕೆಂದೇ ರೂಪಿಸಿದ್ದರು. ಏಕೆ ಬೇಕಾಯಿತು? ಕಣ್ಣಂದಾಜು ಸುಳ್ಳು ಹೇಳುತ್ತದೆ. ಬಟ್ಟೆಯಲ್ಲಿ ಹೀರಿಹೋದ ರಕ್ತವನ್ನು ನುರಿತ ಕಣ್ಣೂ ಕಡಿಮೆಯೆಂದೇ ಎಣಿಸುತ್ತದೆ. ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನೊಳಗೊಂಡ ಅಧ್ಯಯನದಲ್ಲಿ ಇಂತಹದೇ ಅಳತೆಚೀಲವನ್ನಿಟ್ಟು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದಾಗ ತೀವ್ರ ರಕ್ತಸ್ರಾವದ ಪ್ರಸಂಗಗಳು ಶೇಕಡಾ 60ರಷ್ಟು ಕಡಿಮೆಯಾದುವೆಂದು 2023ರಲ್ಲಿ ವರದಿಯಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಶಿಫಾರಸು ಮಾಡಿತು. ಅನುಭವವಿಲ್ಲದೆ ಕೌಶಲವಿಲ್ಲ, ನಿಜ. ಆದರೆ ಅನುಭವವು ತನ್ನ ತಪ್ಪನ್ನು ತಾನೇ ಕಾಣಲಾರದು. ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸುವುದೇ ಜಾಣತನವೆಂದು ಕಲಿತ ಒಂದು ತಲೆಮಾರಿನ ದಾದಿಯರು ಈಗ ಒಂದು ನಿಮಿಷಕ್ಕೆ ಕಡಿಮೆಯಿಲ್ಲದೆ ಕಾಯಬೇಕೆಂದು ಮರಳಿ ಕಲಿತಿದ್ದಾರೆ. ಧರ್ಮಸಭೆಯೂ ಕಲಿತಿದೆ: ಹೆರಿಗೆ ಮಾಡಿಸುವುದು ಧರ್ಮಭಗಿನಿಯರಿಗೆ ತಕ್ಕುದಲ್ಲವೆಂಬ ಹಳೆಯ ನಿಷೇಧವನ್ನು ಮಿಷನ್ ಪ್ರದೇಶಗಳಿಗಾಗಿ 1936ರಲ್ಲಿ ರೋಮ್ ತಾನೇ ಸಡಿಲಿಸಿತು.

ಇಂದಿನ ಸಮಸ್ಯೆ ತಿರುವುಮುರುವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 97 ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಉಪಕೇಂದ್ರದ ಸಹಾಯಕಿಯ ದಿನ ಚುಚ್ಚುಮದ್ದು, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ಲೆಕ್ಕಗಳಲ್ಲಿ ಮುಗಿಯುತ್ತದೆ. ಹೆರಿಗೆ ನೋಡದೆ ಅವಳಿಗೆ ವರ್ಷಗಳೇ ಕಳೆಯಬಹುದು. ವೊಯ್ಜಿಣ್‌ಗೆ ಕೈಯಿತ್ತು, ತಿದ್ದುವವರಿರಲಿಲ್ಲ. ಇವಳಿಗೆ ತರಬೇತಿಯ ಪ್ರಮಾಣಪತ್ರಗಳಿವೆ, ಕೈಗೆ ಕೆಲಸವಿಲ್ಲ. ಹಾದಿಯಲ್ಲಿ ಆಂಬುಲೆನ್ಸ್ ನಿಂತುಬಿಟ್ಟ ರಾತ್ರಿ ಆ ಕೈ ಏನು ಮಾಡೀತು?

ಬ್ರಿಟನ್ನಿನಲ್ಲಿ ದುಡಿಯುವ ನಮ್ಮ ಕರಾವಳಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅಲ್ಲಿ ದಾದಿಯಾಗಲಿ ಸೂಲಗಿತ್ತಿಯಾಗಲಿ ಮೂರು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಅದಕ್ಕೆ 35 ಗಂಟೆಗಳ ಕಲಿಕೆ ಮಾತ್ರವಲ್ಲ, 450 ಗಂಟೆಗಳ ಕೆಲಸವೂ ಆಗಿರಬೇಕು. ಜೊತೆಗೆ, ತಾನು ಎಲ್ಲಿ ಎಡವಿದೆ, ಏನು ಕಲಿತೆ ಎಂಬಂತಹ ಐದು ಬರಹಗಳನ್ನು ಬರೆದು ಸಹೋದ್ಯೋಗಿಯೊಬ್ಬರೊಡನೆ ಚರ್ಚಿಸಬೇಕು. ಸಂತ ಇಗ್ನೇಷಿಯಸರು ವಿಧಿಸಿದ ಆತ್ಮಶೋಧನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. (ನಮ್ಮ ಪ್ರಸಂಗಗಳಿಗೂ ಇಂತಹ ನಿಯಮವಿದ್ದಿದ್ದರೆ ಎಷ್ಟು ಗುರುಗಳು ನವೀಕರಣ ಪಡೆಯುತ್ತಿದ್ದರೋ ತಿಳಿಯದು.)

ನಾನು ಬೇರೊಂದು ಊರಿನಲ್ಲಿ ಸಹಾಯಕ ಗುರುವಾಗಿದ್ದಾಗ, ಮಾಸು ಬಿದ್ದ ಮೇಲೂ ನಿಲ್ಲದ ರಕ್ತದಿಂದ ತೀರಿಕೊಂಡ ಇಪ್ಪತ್ತೆರಡರ ತಾಯಿಯೊಬ್ಬಳ ಅಂತ್ಯಕ್ರಿಯೆ ನಡೆಸಿದೆ. ಸಿಮಿತ್ರಿಯ ಬಾಗಿಲಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾರ ತಪ್ಪು? ಮರುದಿನ ಆ ದಾದಿಯ ಮನೆಗೆ ಕಲ್ಲು ಬಿತ್ತು. ಕೆಲವು ತಿಂಗಳ ಬಳಿಕ ಆಕೆ ನನ್ನ ಬಳಿ ಬಂದು, "ಫಾದರ್, ರಕ್ತ ಅಷ್ಟು ಹೋಗಿದೆಯೆಂದು ನನಗೆ ಕಾಣಲೇ ಇಲ್ಲ," ಎಂದಳು. ಯಾರಿಗಾದರೂ ಹೇಳಿದೆಯಾ ಎಂದು ಕೇಳಿದೆ. "ಹೇಳಿದರೆ ಬದುಕಲು ಬಿಡುತ್ತಿದ್ದರೇ?" ಆಕೆಯ ಆ ಒಂದು ವಾಕ್ಯದಿಂದ ಎಷ್ಟು ಮಂದಿ ದಾದಿಯರು ಕಲಿಯಬಹುದಿತ್ತು! ಕಲ್ಲೆಸೆದವರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದರು. ಮುಂದಿನ ಭಾನುವಾರ ಅವರಿಗೆ ಪ್ರಸಾದ ನೀಡಿದ ನಾನು ಒಂದು ಮಾತೂ ಆಡಲಿಲ್ಲ.

ಬಾಣಂತಿಯರ ಸಾವನ್ನು ಪರಿಶೀಲಿಸಲು ಸರಕಾರದ ವ್ಯವಸ್ಥೆಯಿದೆ. ಯಾರನ್ನೂ ದಂಡಿಸಲಿಕ್ಕಲ್ಲ, ಕಲಿಯಲಿಕ್ಕೆಂಬುದು ಅದರ ತತ್ತ್ವ. ಪಾಪನಿವೇದನೆಯ ಪೀಠವನ್ನು ಬಲ್ಲ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಉಪಕೇಂದ್ರದ ಸಹಾಯಕಿಯರನ್ನು ವರ್ಷಕ್ಕೆ ಕೆಲವು ವಾರ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ದುಡಿಯಲು ಬಿಡಬೇಕೆಂದು ಕೇಳುವ ಹಕ್ಕು ನಮಗಿದೆ. ಆ ವಾರಗಳಲ್ಲಿ ಕೇಂದ್ರದ ಬಾಗಿಲು ಮುಚ್ಚಿದೆಯೆಂದು ಪಂಚಾಯತಿಗೆ ದೂರು ಹೊತ್ತೊಯ್ಯುವವರೂ ನಾವೇ ಆಗಬಾರದಷ್ಟೆ. ನಮ್ಮ ಸ್ತ್ರೀ ಸಂಘಟನೆಯ ಮುಂದಿನ ಸಭೆಗೆ ಸಹಾಯಕಿಯೊಬ್ಬರನ್ನು ಆಹ್ವಾನಿಸಿದ್ದೇನೆ, ಭಾಷಣಕ್ಕಲ್ಲ. ಕೊನೆಯ ಬಾರಿ ಅವರ ಕೈಯಲ್ಲಿ ಮಗುವೊಂದು ಹುಟ್ಟಿದ್ದು ಯಾವಾಗ ಎಂದು ನಮ್ಮ ತಾಯಂದಿರು ಅವರ ಬಾಯಿಂದಲೇ ಕೇಳಲಿ.