ವರದಿಗಾರ್ತಿಯ ಜಾಗ

1965ರ ಭಾರತ–ಪಾಕಿಸ್ತಾನ ಯುದ್ಧದ ಸಮಯ. ರಣರಂಗಕ್ಕೆ ಹೋಗುತ್ತೇನೆಂದ ಪ್ರಭಾ ದತ್ ಅವರನ್ನು ಕಳಿಸಲು ‘ಹಿಂದೂಸ್ತಾನ್ ಟೈಮ್ಸ್’ ಒಪ್ಪಲಿಲ್ಲ. ಅವರು ರಜೆ ಹಾಕಿ, ತಾವಾಗಿಯೇ ಖೇಮಕರಣ್‌ಗೆ ಹೋಗಿ ವರದಿ ಕಳಿಸಿದರು. ಮುಂದೆ ಅದೇ ಪತ್ರಿಕೆಯ ಮುಖ್ಯ ವರದಿಗಾರ್ತಿಯಾದರು. ಗಲ್ಲಿಗೆ ಗುರಿಯಾಗಿದ್ದ ಬಿಲ್ಲಾ, ರಂಗಾ ಇಬ್ಬರನ್ನೂ ತಿಹಾರ್ ಜೈಲಿನಲ್ಲಿ ಸಂದರ್ಶಿಸಲು 1981ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಅನುಮತಿ ಪಡೆದರು. ಟಿವಿ ಪತ್ರಕರ್ತೆ ಬರ್ಖಾ ದತ್ ಇವರ ಮಗಳು.

1984ರಲ್ಲಿ ತಾಯಿ ತೀರಿಕೊಂಡಾಗ ಬರ್ಖಾ ಇನ್ನೂ ಶಾಲೆಗೆ ಹೋಗುವ ಹುಡುಗಿ. ಹದಿನೈದು ವರ್ಷಗಳ ನಂತರ, 1999ರ ಬೇಸಿಗೆಯಲ್ಲಿ, ಕಾರ್ಗಿಲ್‌ನ ಶೆಲ್ ದಾಳಿಯ ನಡುವೆ ನಿಂತು ಆಕೆ ಮಾತನಾಡುತ್ತಿದ್ದುದನ್ನು ದೇಶ ನೋಡಿತು. ಟೆಲಿವಿಷನ್ ಮೂಲಕ ಯುದ್ಧ ನಮ್ಮ ನಡುಮನೆಗೆ ಬಂದದ್ದು ಆಗಲೇ. ಶಿಖರ ಗೆದ್ದು ಬಂದಿದ್ದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಆಕೆಯ ಕ್ಯಾಮೆರಾ ಮುಂದೆ ನಗುತ್ತಾ ಆಡಿದ ಮಾತು ಇಂದಿಗೂ ಜನರ ನೆನಪಿನಲ್ಲಿದೆ. ಕೆಲವೇ ದಿನಗಳಲ್ಲಿ ಬಾತ್ರಾ ಹುತಾತ್ಮರಾದರು. ಆ ಸಂದರ್ಶನದ ಮೂಲಕ ಆ ತರುಣನ ದನಿ ನಮಗೆ ತಲುಪಿತು.

ಆಮೇಲೆ ‘ವಿ ದ ಪೀಪಲ್’ ಕಾರ್ಯಕ್ರಮ, 2008ರಲ್ಲಿ ಪದ್ಮಶ್ರೀ, ಹೆಸರು, ಪ್ರಭಾವ. ಜೊತೆಗೆ ರಾಜಧಾನಿಯ ಅಧಿಕಾರದ ಸಾಮೀಪ್ಯ. 2010ರಲ್ಲಿ ಕಾರ್ಪೊರೇಟ್ ಲಾಬಿಗಾರ್ತಿ ರಾಡಿಯಾ ಅವರ ಫೋನ್ ಟೇಪುಗಳು ಹೊರಬಿದ್ದು, ಸಚಿವ ಸಂಪುಟ ರಚನೆಯ ಹೊತ್ತಿನ ಫೋನ್ ಮಾತುಕತೆಯಲ್ಲಿ ಆಕೆಯ ದನಿಯೂ ಕೇಳಿಸಿತು. ತೀರ್ಮಾನದಲ್ಲಿ ತಪ್ಪಿದೆ, ಭ್ರಷ್ಟಳಲ್ಲ ಎಂದು ತಮ್ಮದೇ ಚಾನೆಲ್‌ನಲ್ಲಿ ಸಂಪಾದಕರ ಪ್ರಶ್ನೆಗಳಿಗೆ ಉತ್ತರಿಸಿದರು. ಆ ಕಲೆಯನ್ನು ಮರೆಮಾಚಿ ಅವರ ವೃತ್ತಿಜೀವನದ ಲೆಕ್ಕ ಹಾಕಲಾಗದು. ಅಧಿಕಾರಸ್ಥರ ಫೋನಿಗೆ ತೀರಾ ಹತ್ತಿರವಾದ ಪತ್ರಕರ್ತರು ಎಷ್ಟೇ ದೊಡ್ಡವರಾದರೂ ಓದುಗರ, ನೋಡುಗರ ನಂಬಿಕೆಯಿಂದ ದೂರವಾಗುತ್ತಾರೆ.

ಆ ನಂಬಿಕೆಯನ್ನು ಮತ್ತೆ ದುಡಿದುಕೊಳ್ಳಲು ಇರುವ ದಾರಿಯನ್ನೂ ಆಕೆಯೇ ತೋರಿಸಿದರು. 2017ರಲ್ಲಿ ಎನ್‌ಡಿಟಿವಿ ಬಿಟ್ಟ ಮೇಲೆ ಬೆನ್ನಿಗೆ ದೊಡ್ಡ ಸಂಸ್ಥೆ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ, ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಹೆದ್ದಾರಿಗಿಳಿದಾಗ, ತಮ್ಮ ಡಿಜಿಟಲ್ ಸುದ್ದಿವೇದಿಕೆ ‘ಮೋಜೋ ಸ್ಟೋರಿ’ಯ ಪುಟ್ಟ ತಂಡದೊಂದಿಗೆ ಆಕೆಯೂ ರಸ್ತೆಗಿಳಿದರು. ದೆಹಲಿಯಿಂದ ಕೇರಳದವರೆಗೆ ಕಾರಿನಲ್ಲೇ ಸುತ್ತಿ, ನಡೆಯುತ್ತಿದ್ದವರ ಪಕ್ಕ ನಡೆದು, ಅವರ ಊರು, ಹಸಿವು, ಕೂಲಿ ಬಾಕಿ ಎಲ್ಲವನ್ನೂ ಅವರ ಬಾಯಿಂದಲೇ ಕೇಳಿಸಿದರು. ಮರುವರ್ಷ ಎರಡನೇ ಅಲೆಯಲ್ಲಿ ಕೋವಿಡ್ ಆಕೆಯ ತಂದೆಯನ್ನೂ ಕರೆದೊಯ್ದಿತು. ಆ ನೋವನ್ನೂ ಆಕೆ ಸಾರ್ವಜನಿಕವಾಗಿ ಹೇಳಿಕೊಂಡರು.

ಈ ವೃತ್ತಿಜೀವನದ ಎರಡು ಎತ್ತರಗಳೂ, ಕಾರ್ಗಿಲ್ ಮತ್ತು ಕೋವಿಡ್, ಸ್ಟುಡಿಯೋದಿಂದ ಬಹುದೂರ ಇದ್ದವು ಎಂಬುದನ್ನು ನಮ್ಮ ಸುದ್ದಿವಾಹಿನಿಗಳು ಗಮನಿಸಬೇಕು. ಇಂದು ಚರ್ಚೆಯ ಹೆಸರಿನಲ್ಲಿ ಎಂಟು ಮಂದಿಯನ್ನು ಕೂರಿಸಿ ಕೂಗಾಡಿಸುವುದು ಅಗ್ಗ, ವರದಿಗಾರರನ್ನು ಹಳ್ಳಿಗೆ ಕಳಿಸುವುದು ದುಬಾರಿ. ಹೀಗಾಗಿ ವರದಿಗಾರಿಕೆಯೇ ಸೊರಗುತ್ತಿದೆ. ಪತ್ರಿಕೋದ್ಯಮ ಓದಿ ಬರುವ ಹೆಣ್ಣುಮಕ್ಕಳಿಗೆ ಆ್ಯಂಕರ್ ಕುರ್ಚಿ ಬೇಗ ಸಿಗುತ್ತದೆ, ವರದಿಗೆ ಹೊರಹೋಗುವ ಅವಕಾಶ ಸಿಗುವುದು ಕಷ್ಟ. ಪ್ರಭಾ ದತ್ ರಜೆ ಹಾಕಿ ಪಡೆಯಬೇಕಾಗಿದ್ದ ಜಾಗವನ್ನು ಈ ಹೆಣ್ಣುಮಕ್ಕಳಿಗೆ ಸಂಬಳ, ವಾಹನ, ಭದ್ರತೆ, ಸಮಯ ಕೊಟ್ಟು ಒದಗಿಸುವುದು ಸಂಪಾದಕರ ಹೊಣೆ. ಅಂಥ ವರದಿಗಳನ್ನು ಕಾದು ನೋಡುವುದು ನಮ್ಮ ಹೊಣೆ.