ಸರ್ವೆ ನಂಬರಿಲ್ಲದ ನೀರು

ಭೂಮಿಯೊಳಗೆ ತೈಲದ ಕೊಳವೆ ಹೂಳುವ ಕೆಲಸಕ್ಕೆಂದೇ ನಮ್ಮಲ್ಲಿ 1962ರ ಕಾಯಿದೆಯೊಂದಿದೆ. ಅದರಡಿ ಸರಕಾರ ಜಮೀನನ್ನು ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಒಡೆತನ ರೈತನಲ್ಲೇ ಉಳಿಯುತ್ತದೆ. ಆದರೆ ಕೊಳವೆ ಹಾದ ಪಟ್ಟಿಯಲ್ಲಿ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆದ ನಷ್ಟದ ಜೊತೆಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಪರಿಹಾರ ಸಿಗುತ್ತದೆ. ಅದು ಸಾಕೇ ಎಂಬ ವಾದ ಬೇರೆ. ಆಕ್ಷೇಪ ಸಲ್ಲಿಸಲು 21 ದಿನಗಳ ಅವಕಾಶವಾದರೂ ಅವನಿಗುಂಟು. ಏಕೆಂದರೆ ಅವನ ಜಮೀನಿಗೊಂದು ಸರ್ವೆ ನಂಬರಿದೆ.

ಅದೇ ಕೊಳವೆ ಹೊಲವನ್ನು ದಾಟಿ ಖಾಡಿಗೆ ಇಳಿದರೆ ಯಾರನ್ನು ಕೇಳಬೇಕು? ಥಾಣೆ, ನವಿಮುಂಬಯಿಗಳಲ್ಲಿ ನೆಲೆಸಿದ ನಮಗೆ ಈ ಪ್ರಶ್ನೆ ದೂರದ್ದಲ್ಲ. 1974ರಲ್ಲಿ ಬಾಂಬೆ ಹೈಯಲ್ಲಿ ತೈಲ ದೊರೆತ ಮೇಲೆ ಅದನ್ನು ದಡಕ್ಕೆ ತರುವ ಕೊಳವೆಗಳು ಕಡಲತಳದಲ್ಲಿ ಸಾಗಿ ಉರಣ್ ತಲುಪಿದವು. ಅಲ್ಲಿಂದ ಕಚ್ಚಾ ತೈಲ ನೀರಿನಡಿಯಲ್ಲೇ ಟ್ರಾಂಬೆಯ ಕಡೆಗೆ, ಮಾಹುಲ್‌ನ ಶುದ್ಧೀಕರಣಾಗಾರಗಳಿಗೆ ಹರಿಯುತ್ತದೆ.

ಖಾಡಿಯಲ್ಲಿ ಕಂದಕ ತೋಡುವುದೆಂದರೆ ಬರಿಯ ಕೆಸರನ್ನು ಕದಡುವುದಲ್ಲ. ದಶಕಗಳಿಂದ ಕಾರ್ಖಾನೆಗಳು ಹರಿಯಬಿಟ್ಟ ಲೋಹ, ರಾಸಾಯನಿಕಗಳು ಆ ಕೆಸರಿನಲ್ಲಿ ಪದರಪದರವಾಗಿ ಮಲಗಿವೆ. ಅಗೆತ ಅವನ್ನು ಮತ್ತೆ ನೀರಿಗೆ ಎಬ್ಬಿಸುತ್ತದೆ. ಯಂತ್ರಗಳ ಓಡಾಟಕ್ಕೆಂದು ಹಾಕಿದ ಮಣ್ಣಿನ ಒಡ್ಡನ್ನು ಕೆಲಸ ಮುಗಿದ ಮೇಲೂ ತೆಗೆಯದಿದ್ದರೆ ಉಬ್ಬರದ ನೀರು ಕಾಂಡ್ಲಾ ಕಾಡಿಗೆ ತಲುಪದು. ಒಂದು ಮರವನ್ನೂ ಕಡಿಯದೆ ಕಾಡನ್ನು ಕೊಲ್ಲಲು ಅಷ್ಟು ಸಾಕು. ಇನ್ನು ತೈಲವೇ ಸೋರಿದರೆ, ಕಾಂಡ್ಲಾ ಗಿಡಗಳು ಕೆಸರಿನ ಮೇಲೆ ಚಾಚಿದ ಉಸಿರುಬೇರುಗಳ ರಂಧ್ರಗಳು ಮುಚ್ಚಿಹೋಗುತ್ತವೆ. ಗಾಳಿಯಾಡದ ಕೆಸರಿನೊಳಗೆ ಇಳಿದ ತೈಲ ವರ್ಷಗಟ್ಟಲೆ ಕರಗದು.

ಇದು ಊಹೆಯ ಭಯವಲ್ಲ. 2011ರ ಜನವರಿಯಲ್ಲಿ ಮುಂಬಯಿ–ಉರಣ್ ಮುಖ್ಯ ಕೊಳವೆ ಕಡಲಲ್ಲಿ ಸೋರಿತು. 2013ರ ಅಕ್ಟೋಬರಿನಲ್ಲಿ ಉರಣ್ ಬಳಿ ಒಎನ್‌ಜಿಸಿಯ ಕೊಳವೆ ಸೋರಿ ತೈಲ ತೀರಕ್ಕೆ ಬಂತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಘಟಕದಿಂದ ಹೊರಬಿದ್ದ ತೈಲ ಪೀರ್‌ವಾಡಿ ಕಡಲತೀರವನ್ನು ಕಪ್ಪಾಗಿಸಿತು. ಪ್ರತಿ ಸಲವೂ ಮೊದಲು ಖಾಲಿಯಾದದ್ದು ಕೋಳಿ ಮೀನುಗಾರರ ಬಲೆ. ಅವರು ತಲೆಮಾರುಗಳಿಂದ ಮೀನು, ಸಿಗಡಿ, ಏಡಿ ಹಿಡಿದ ನೀರಿಗೆ ಪಹಣಿಯಿಲ್ಲ. ಬಂದರು ಮತ್ತಿತರ ಯೋಜನೆಗಳಿಂದ ಜೀವನಾಧಾರ ಕಳೆದುಕೊಂಡ ಉರಣ್ ಭಾಗದ 1,630 ಮೀನುಗಾರ ಕುಟುಂಬಗಳಿಗೆ ಒಟ್ಟು 95.19 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಪುಣೆಯ ರಾಷ್ಟ್ರೀಯ ಹಸಿರು ಪೀಠ 2015ರಲ್ಲಿ ಆದೇಶಿಸಿತು. ಬಳಿಕ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ರೈತನ ಬಾಗಿಲಿಗೆ ಕಾಯಿದೆಯೇ ಬರುತ್ತದೆ. ಮೀನುಗಾರ ಕಾಯಿದೆಯನ್ನು ಹುಡುಕಿಕೊಂಡು ಹೋಗಬೇಕು.

ಹಾಗೆಂದು ಕೊಳವೆಯೇ ಬೇಡವೆನ್ನುವುದು ನನ್ನ ವಾದವಲ್ಲ. 2010ರ ಆಗಸ್ಟ್‌ನಲ್ಲಿ ಮುಂಬಯಿ ಬಂದರಿನ ಬಳಿ ಎಂಎಸ್‌ಸಿ ಚಿತ್ರಾ ಹಡಗು ಡಿಕ್ಕಿಗೊಳಗಾಗಿ ಸುಮಾರು 800 ಟನ್ ಇಂಧನ ತೈಲ ನೀರಿಗೆ ಸೇರಿದ್ದನ್ನು ನಾವು ಮರೆತಿಲ್ಲ. ಟ್ಯಾಂಕರುಗಳ ಸಾಲಿಗಿಂತ, ಹಡಗುಗಳ ಓಡಾಟಕ್ಕಿಂತ ಕೊಳವೆ ಹೆಚ್ಚು ಸುರಕ್ಷಿತವೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಕಣ್ಣಿಗೆ ಕಾಣದಿರುವುದನ್ನೇ ಸುರಕ್ಷಿತವೆಂದು ಎಣಿಸುವುದು ಸರಿಯಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿರುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬ ಮತ್ತು ಸೂಕ್ಷ್ಮ ಪರಿಸರ ವಲಯಗಳನ್ನು ಹಾಯುವ ತೈಲ ಕೊಳವೆಗಳು ಮಾತ್ರ. ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾದದ್ದರಿಂದ ಅಷ್ಟಕ್ಕೆ ರಕ್ಷಣೆಯಿದೆ. ಕಡಲಂಚಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಆದರೆ ಕಲ್ಯಾಣ, ಡೊಂಬಿವಲಿಗಳಿಗೆ ಕುಡಿಯುವ ನೀರು ಕೊಡುವ ಉಲ್ಹಾಸ್ ನದಿಯ ಅಡಿಯಲ್ಲಿ ಹಾದುಹೋಗುತ್ತದೆಂಬ ಕಾರಣವೊಂದೇ ಒಂದು ಕೊಳವೆಯನ್ನು ಆ ಪಟ್ಟಿಗೆ ಸೇರಿಸದು.

ಆದ್ದರಿಂದ ಮೂರು ಬೇಡಿಕೆಗಳು ನ್ಯಾಯವೆಂದು ನನಗೆ ತೋರುತ್ತದೆ. ಕುಡಿಯುವ ನೀರಿನ ಮೂಲವನ್ನು ಹಾಯುವ ಪ್ರತಿ ತೈಲ ಕೊಳವೆಗೂ ಪರಿಸರ ಅನುಮತಿ ಕಡ್ಡಾಯವಾಗಬೇಕು. ಕೆಲಸ ಆರಂಭವಾಗುವ ಮೊದಲೇ ಆ ನೀರನ್ನು ನಂಬಿದ ಮೀನುಗಾರರ ಹೆಸರು ದಾಖಲಾಗಿ, ಪರಿಹಾರದ ಕ್ರಮ ಲಿಖಿತವಾಗಬೇಕು. ಕೊಳವೆಯ ವಯಸ್ಸು, ತಪಾಸಣೆ, ಸೋರಿಕೆಗಳ ವಿವರ ಮರಾಠಿಯಲ್ಲಿ ಆಯಾ ಗ್ರಾಮಪಂಚಾಯತಿ, ನಗರಪಾಲಿಕೆಗಳ ಫಲಕದ ಮೇಲೆ ವರ್ಷವರ್ಷವೂ ಬರಬೇಕು.

ಇದನ್ನು ಮರಾಠಿ ಮಣ್ಣಿನ ಪಾಡೆಂದು ಬದಿಗಿಡುವಂತಿಲ್ಲ. ನಮ್ಮಲ್ಲಿ ಹಲವರ ಊರಾದ ಕಾಪು ಸಮೀಪದ ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಆಗರ ಕಟ್ಟಲಾಗಿದೆ. ಅಲ್ಲಿಗೂ ತೈಲ ತಲುಪುವುದು ಕೊಳವೆಯಿಂದಲೇ. ಹುಟ್ಟಿದೂರಿನಲ್ಲೂ ಹೊಟ್ಟೆಪಾಡಿನ ಊರಿನಲ್ಲೂ ನಮ್ಮ ಕಾಲಡಿಯಲ್ಲಿ ಹರಿಯುತ್ತಿರುವುದು ಅದೇ ತೈಲ, ಅದನ್ನು ಉರಿಸುವವರೂ ನಾವೇ. ಅದರ ಲೆಕ್ಕ ಕೇಳುವ ಹೊಣೆಯನ್ನು ಉರಣ್‌ನ ಕೋಳಿಗರೊಬ್ಬರ ಹೆಗಲಿಗೇ ಬಿಡುವುದು ತರವಲ್ಲ.